ಮಿರ್ಜಾನಿನಲ್ಲೂ ಬೀದರ ಕೋಟೆ

ಗೆಳೆಯರೇ, ಬೀದರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಇವತ್ತು ಅವ್ವನಿಗೆ ಕುಮಟಾ ಹತ್ತಿರದ ಮಿರ್ಜಾನ ಕೋಟೆ ತೋರಿಸಿದೆ. ಗೈಡ್ ಬಾಯಿ ತೆರೆದಾಗಲೆಲ್ಲ ಅವ್ವನದು ಒಂದೇ ಮಾತು: "ನಮ್ಮ ಬೀದರ ಕೋಟಿ ಇದಕ್ಕಿಂತ ಭಾಳ ದೊಡ್ಡದದರಿ." ಬಾವಿ ತೋರಿಸಿದರೂ ಅದೇ, ಬುರುಜು ತೋರಿಸಿದರೂ ಅದೇ. ಅವಳನ್ನು ಸುಮ್ಮನಿರಿಸುವ ತ್ರಾಣ ನನ್ನಲ್ಲಿರಲಿಲ್ಲ.

ಕೊನೆಗೆ ಗೈಡ್ ಕೈಮುಗಿದ. "ಹಾಗಾದ್ರೆ ಆ ಕೋಟೆಯೊಳಗೆ ಏನೇನುಂಟು, ನೀವೇ ಹೇಳಿ ಅಮ್ಮಾ."

ಅವ್ವ ಸೆರಗು ಸರಿಮಾಡಿಕೊಂಡಳು. "ನಾ ಒಳಗ ಹೋಗೇ ಇಲ್ರಿ. ಮನಿ ಹಿಂದೇ ಅದ, ಎಲ್ಲಿ ಓಡಿ ಹೋಗ್ತದ?"

ಈಗ ಅವಳಿಗೆ ಸಮುದ್ರ ತೋರಿಸಲು ಹೊರಟಿದ್ದೇನೆ. ಪುಣ್ಯಕ್ಕೆ ಬೀದರಿನಲ್ಲಿ ಸಮುದ್ರವಿಲ್ಲ.