ಹೆಸರಿಲ್ಲದ ಡಬ್ಬಿ

ಚೆನ್ನೈಗೆ ಬಂದ ಎರಡನೆಯ ವಾರ ನನ್ನ ಮಗಳು ಲಕ್ಷ್ಮಿ, ಹೆಸರು ಹಿಡಿದು ಕೂಗಿದರೆ ತಿರುಗಿ ನೋಡಲಿಲ್ಲ. "ಹದಿನೇಳು" ಎಂದು ಆಸ್ಪತ್ರೆಯ ನರ್ಸು ಕೂಗಿದಾಗ ಎದ್ದು ಹೋದಳು. ಅವಳ ಮಾತ್ರೆಯ ಡಬ್ಬಿಯ ಮೇಲೆ ಹೆಸರಿಲ್ಲ, ಆ ಸಂಖ್ಯೆಯಷ್ಟೇ.

ಅವಳಿಗೆ ದೊಡ್ಡ ಕರುಳಿನಲ್ಲಿ ಹುಣ್ಣು, ರಕ್ತ ಬೀಳುತ್ತಿತ್ತು. ಮಕ್ಕಳ ಮೇಲೆ ಹೊಸ ಔಷಧದ ಪರೀಕ್ಷೆ ಇಲ್ಲಿ ನಡೆಯುತ್ತಿದೆಯೆಂದು ಕೇಳಿ, ನಮ್ಮೂರು ಇಂಡಿಯಲ್ಲಿನ ನಿಂಬೆ ವ್ಯಾಪಾರವನ್ನು ತಮ್ಮನಿಗೆ ಒಪ್ಪಿಸಿ ಬಂದೆ. ಇದೇ ಕಾಯಿಲೆಗೆ ಬರುವವರಿಗೊಂದು ಮಾತು: ಬಾಡಿಗೆಯ ಚೌಕಾಸಿ ಆಮೇಲೆ, ಮೊದಲು ಸಂಡಾಸು ಎಷ್ಟು ಹೆಜ್ಜೆ ದೂರ ನೋಡಿ. ‘ತಣ್ಣಿ’ ಎಂದರೆ ನೀರು. ಆ ಶಬ್ದ ಮೊದಲು ಕಲಿಯಿರಿ.

ಊರಲ್ಲಿ ನಿಂಬೆಯನ್ನು ಅಂಗೈಯಲ್ಲಿ ತೂಗಿ ರಸ ಎಷ್ಟೆಂದು ಹೇಳುವವಳು ನಾನು. ಇಲ್ಲಿ ಕೆಲವು ಮಕ್ಕಳಿಗೆ ಔಷಧ ಹೆಚ್ಚು, ಕೆಲವರಿಗೆ ಕಡಿಮೆ; ಮಾತ್ರೆ ನೋಡಲು ಒಂದೇ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಅವರ ಮುಖ ಎಷ್ಟು ಓದಿದರೂ ಖಾಲಿ.

ಪಕ್ಕದ ಕೋಣೆಯಲ್ಲಿ ಮುದ್ದೇಬಿಹಾಳದ ರುಕ್ಮವ್ವ. ಅವಳ ಮಗಳು ಸುಮಾಳೂ ಅದೇ ಪರೀಕ್ಷೆಯಲ್ಲಿದ್ದಳು.

"ಅಕ್ಕಾರ, ಬಿಚ್ಚಿ ನೋಡದ ಕಟ್ಟಿದ ನಿಂಬಿ ಚೀಲ ಕೊಂಡ್ರ ನಾವು ಇಬ್ಬರು ಅರ್ಧರ್ಧ ಹಂಚ್ಕೋತೇವ್ರಿ. ಕೊಳತದ್ದೂ ಅರ್ಧ, ಚಲೋದೂ ಅರ್ಧ. ಒಂದಿನ ನಿಮ್ಮ ಡಬ್ಬಿ ಇಕಿಗೆ, ನಮ್ಮ ಡಬ್ಬಿ ಸುಮಾಗ," ಎಂದೆ.

"ದೇವರ ಕೂಡನೂ ಚೌಕಾಸಿ ಮಾಡಾಕಿ ಬಿಡವ್ವ ನೀ!" ರುಕ್ಮವ್ವ ನಕ್ಕಳು. ಒಪ್ಪಿದಳು.

ಹಾಗೆ ದಿನ ಬಿಟ್ಟು ದಿನ ಮಾತ್ರೆ ಅದಲುಬದಲಾಯಿತು. ಒಂದು ಮಧ್ಯಾಹ್ನ ಲಕ್ಷ್ಮಿ ಉಣ್ಣುವ ಕೈ ನಿಲ್ಲಿಸಿದಳು.

"ಯವ್ವಾ, ಸುಮಾಗ ಹೊಟ್ಟಿ ನೋಯಾಕತ್ತೇತಿ."

ಗೋಡೆಯಾಚೆ ಸದ್ದೇ ಇರಲಿಲ್ಲ. ಹೋಗಿ ನೋಡಿದೆ. ಸುಮಾ ಮೂಲೆಯಲ್ಲಿ ಹೊಟ್ಟೆ ಒತ್ತಿ, ತುಟಿ ಕಚ್ಚಿ ಕೂತಿದ್ದಳು.

ಮರುದಿನ ಲಕ್ಷ್ಮಿಗೆ ಮತ್ತೆ ರಕ್ತ ಬಿತ್ತು. ಕನ್ನಡ ಬಲ್ಲ ನರ್ಸಮ್ಮ ಡಬ್ಬಿಯಲ್ಲಿ ಉಳಿದದ್ದನ್ನು ಎಣಿಸಿ, "ಮಾತ್ರೆ ಎಲ್ಲಾ ಸರಿಯಾಗಿ ತಗೊಂಡಿದಾಳೆ" ಎಂದು ಬರೆಯತೊಡಗಿದರು. ಎಣಿಕೆ ಸರಿಯೇ ಇತ್ತು. ಆದರೆ ಆ ಬರಹ ನೋಡಿಯೇ ಡಾಕ್ಟರು ನನ್ನ ಮಗಳ ಮುಂದಿನ ಚಿಕಿತ್ಸೆ ತೀರ್ಮಾನಿಸುತ್ತಾರೆ. ಅದೇ ಬರಹ ನಾನು ಕಾಣದ ಮಕ್ಕಳವರೆಗೂ ಹೋಗುತ್ತದೆ.

"ಬರೀಬ್ಯಾಡ್ರಿ," ಎಂದೆ. ಎಲ್ಲ ಹೇಳಿದೆ.

ಇಬ್ಬರನ್ನೂ ಪರೀಕ್ಷೆಯಿಂದ ಬಿಡಿಸಿದರು. ಪರೀಕ್ಷೆಗೆ ಮೊದಲಿನ ಚಿಕಿತ್ಸೆಯನ್ನೇ ಮತ್ತೆ ಶುರು ಮಾಡಿದರು. ಬರುವವರೇ, ಸಂಶಯವಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಎಷ್ಟು ಬೇಕಾದರೂ ಕೇಳಿ. ಆಮೇಲೆ ನಮ್ಮ ಸಂತೆಯ ಜಾಣತನ ಬೇಡ. ರುಕ್ಮವ್ವ ನನಗೆ ಹೇಳದೆಯೇ ಸುಮಾಳನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೋದಳು.

ಲಕ್ಷ್ಮಿಗೆ ಈಗ ಸ್ವಲ್ಪ ಆರಾಮ. ನನ್ನ ತಮ್ಮ ಫೋನಿನಲ್ಲಿ, "ಊರಿಗೆ ಯಾವಾಗ ಬರ್ತೀ?" ಎಂದು ಅವಳನ್ನು ಕೇಳಿದ.

"ಮುದ್ದೇಬಿಹಾಳಕ್ಕ ಹೋಗೂಣು ಮಾವಾ," ಎಂದಳು. "ನನ್ನ ಅರ್ಧ ಅಲ್ಲೈತಿ."

ಆ ಊರನ್ನು ನಾವಿಬ್ಬರೂ ಈವರೆಗೆ ಕಂಡಿಲ್ಲ.