ನಾಲ್ಕು ನಿಮಿಷ ಹಿಂದಿದ್ದ ವಾಚು

ಅವರ ಬಲಗಣ್ಣಿನ ಸುತ್ತ ಗುಂಡಗೆ ಒಂದು ತಗ್ಗಿತ್ತು. ನಲವತ್ತು ವರ್ಷ ಅದೇ ಜಾಗಕ್ಕೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತದ್ದಕ್ಕೆ ಅಲ್ಲಿ ಚರ್ಮ ಕುಸಿದು, ಹುಬ್ಬಿನ ಕೂದಲು ಸವೆದು, ಕಾಫಿ ಲೋಟ ಇಟ್ಟೆತ್ತಿದ ಗುರುತಿನ ಹಾಗೆ ಕಾಣುತ್ತಿತ್ತು. ಭೂತಗನ್ನಡಿ ತೆಗೆದಿಟ್ಟು ನಮ್ಮನ್ನು ನೋಡುವಾಗಲೂ ಆ ಕಣ್ಣು ಕಿರಿದಾಗಿಯೇ ಇರುತ್ತಿತ್ತು. ಮೊದಲ ಸಲ ಹೋದವರಿಗೆ ಇವರು ನಮ್ಮ ಮೇಲೆ ಅನುಮಾನ ಪಡುತ್ತಿದ್ದಾರೆ ಅನ್ನಿಸುತ್ತಿತ್ತು. ನನಗೂ ಹಾಗನ್ನಿಸಿ ಸಿಟ್ಟು ಬಂದಿತ್ತು. ಆ ಕಾಲದಲ್ಲಿ ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ.

ಚಿತ್ರದುರ್ಗದ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಅವರ ವಾಚ್ ರಿಪೇರಿ ಅಂಗಡಿ. ಅಂಗಡಿ ಅನ್ನುವುದು ಮರ್ಯಾದೆಗೆ; ಅದು ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದ ಮರದ ಗೂಡು. ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಬೋರಲು ಹಾಕಿದ ಏಳೆಂಟು ಗಾಜಿನ ಲೋಟ, ಒಂದೊಂದು ಲೋಟದ ಕೆಳಗೂ ಧೂಳು ಬೀಳದಂತೆ ಇಟ್ಟ ಒಂದೊಂದು ವಾಚು. ವಾಚಿನ ಬೆನ್ನು ಬಿಚ್ಚಿಕೊಂಡಿರುವಾಗ ಎದುರಿಗೆ ನಿಂತು ಯಾರಾದರೂ ಮಾತಾಡಿದರೆ, "ಉಸ್ರು ತಾಗ್ತೈತೆ, ಸ್ವಲ್ಪ ಆ ಕಡೆ ಮಖ ಮಾಡ್ರಿ" ಎನ್ನುತ್ತಿದ್ದರು. ಗಿರಾಕಿಗಳು ರಸ್ತೆಯ ಕಡೆ ತಿರುಗಿಕೊಂಡು ಅವರೊಂದಿಗೆ ಮಾತಾಡುವುದು ಜಗಳ ಆಡಿಕೊಂಡ ದಾಯಾದಿಗಳ ಹಾಗೆ ಕಾಣುತ್ತಿತ್ತು. ನಾನು ಅವರನ್ನು ಯಜಮಾನ್ರೆ ಅಂತ ಕರೆಯುತ್ತಿದ್ದೆ. ಮನೆಯಲ್ಲಿ ಅವರ ಮಾತು ಬಂದರೂ ಯಜಮಾನರು ಅಂತಲೇ.

ನಾನು ಹೊಳಲ್ಕೆರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಅಪ್ಪ ಅದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಟೈಮ್ ಏಜೆಂಟರಾಗಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಸ್ಟ್ಯಾಂಡ್ ಬಿಡಬೇಕು ಎಂಬುದು ಅವರ ಬಾಯಿಂದ ಬರಬೇಕು. ಒಂದು ಬಸ್ಸು ಒಂದು ನಿಮಿಷ ಜಾಸ್ತಿ ನಿಂತರೆ ಹಿಂದಿನ ಬಸ್ಸಿನವನ ನಾಲ್ಕು ಜನ ಪ್ಯಾಸೆಂಜರ್ ಹೋದರು ಅಂತ ಲೆಕ್ಕ. ಆ ಒಂದು ನಿಮಿಷಕ್ಕೆ ಕಂಡಕ್ಟರುಗಳು ಕೊರಳಪಟ್ಟಿ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ಅಪ್ಪ ಬೆಳಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚಿನ ಪೀಂ ಪೀಂ ಸದ್ದಿಗೆ, ಡ್ರೈವರುಗಳ ಎದುರಿನಲ್ಲೇ ತಮ್ಮ ವಾಚನ್ನು ಸರಿಯಾಗಿ ಹೊಂದಿಸುತ್ತಿದ್ದರು. ಆಮೇಲೆ ಇಡೀ ದಿನ ಆ ವಾಚೇ ತೀರ್ಪು. ಮದುವೆಯಲ್ಲಿ ತಾತ ಅಳಿಯನಿಗೆ ಅಂತ ಕೊಟ್ಟ, ಕೀ ಕೊಡುವ ವಾಚು ಅದು. "ಏಜೆಂಟ್ರ ವಾಚು ಅಂದ್ರೆ ಕರೆಕ್ಟು" ಎಂದು ಜನ ಹೇಳುವಾಗ ನನಗೆ ಎದೆ ಉಬ್ಬುತ್ತಿತ್ತು.

ತೊಂಬತ್ತರ ದಶಕದ ಮಧ್ಯದಲ್ಲಿ ಒಂದು ಮಧ್ಯಾಹ್ನ ಅಪ್ಪ ಬಸ್ ಸ್ಟ್ಯಾಂಡಿನಲ್ಲೇ ಕುಸಿದುಬಿದ್ದರು. ಕೈ ಕಲ್ಲಿಗೆ ಬಡಿದು ವಾಚಿನ ಗಾಜು ಒಡೆದು ಅದೂ ನಿಂತಿತು. ಹಿರಿಯೂರಿನಲ್ಲಿ ಲೈನ್‌ಮನ್ ಆಗಿದ್ದ ತಮ್ಮ, "ಅಕ್ಕ, ರಿಪೇರಿ ಮಾಡ್ಸಿಕೊಡು, ನಾನು ಕಟ್ಕಳ್ತೀನಿ" ಅಂದ. ಅಪ್ಪ ವರ್ಷಕ್ಕೊಮ್ಮೆ ಎಣ್ಣೆ ಬಿಡಿಸಲು ದುರ್ಗಕ್ಕೆ ಹೋಗುತ್ತಿದ್ದದ್ದು ಗೊತ್ತಿತ್ತು. ವಿಚಾರಿಸಿಕೊಂಡು ಅದೇ ಅಂಗಡಿ ಹುಡುಕಿ ಹೋದೆ.

ವಾಚನ್ನು ಮೇಜಿನ ಮೇಲೆ ಇಡುತ್ತಿದ್ದ ಹಾಗೇ ಯಜಮಾನರು ಎದ್ದು ನಿಂತರು. "ಹೊಳಲ್ಕೆರೆ ಏಜೆಂಟ್ರು ಹೋದ್ರಾ?" ಅಂದರು. ಅಪ್ಪನ ಹೆಸರನ್ನಾಗಲಿ ಊರನ್ನಾಗಲಿ ನಾನಿನ್ನೂ ಹೇಳಿರಲಿಲ್ಲ. ಕೂತು, ಬೆನ್ನು ಬಿಚ್ಚಿ, ಬಹಳ ಹೊತ್ತು ನೋಡಿದರು. ಒಳಗಿನ ಸುರುಳಿ ತಂತಿ, ಕೂದಲೆಳೆಗಿಂತ ಸಣ್ಣದು, ಬಿದ್ದ ಏಟಿಗೆ ಸೊಟ್ಟಗಾಗಿತ್ತು. ವಾಚಿನ ಟಿಕ್‌ಟಿಕ್ಕೆಲ್ಲ ಆ ತಂತಿಯ ಮೇಲೇ ನಿಂತಿರುವುದಂತೆ.

"ಇದ್ನ ಎಷ್ಟು ಸರಿ ಮಾಡ್ಲಮ್ಮ?" ಎಂದು ಕೇಳಿದರು.

"ಎಷ್ಟು ಅಂದ್ರೆ? ಪೂರ್ತಿ ಸರಿ ಮಾಡಿ" ಅಂದೆ.

"ನಿಮ್ಮಪ್ಪ ಇದ್ನ ಪೂರ್ತಿ ಸರಿ ಇಟ್ಕಂಡಿರ್ಲಿಲ್ಲ."

ಆಗ ನನ್ನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ತಾವು ಹೊರಗೆ ನಿಂತು ಹೇಳಿದರು. ಸ್ಟ್ಯಾಂಡಿನಿಂದ ಒಂದು ಮೈಲಿ ದೂರದಲ್ಲಿ ಕಡಲೆಕಾಯಿ ಮಿಲ್ಲಿತ್ತು. ಸಂಜೆ ಏಳಕ್ಕೆ ಮಿಲ್ಲಿನ ಸೈರನ್ನು, ಏಳೂ ಹತ್ತಕ್ಕೆ ತಾಳ್ಯದ ಕಡೆಗೆ ಕೊನೆಯ ಬಸ್ಸು. ಕೂಲಿ ಹೆಂಗಸರು ಓಡಿಬಂದರೂ ಎರಡು ಮೂರು ನಿಮಿಷದಲ್ಲಿ ಬಸ್ಸು ತಪ್ಪುತ್ತಿತ್ತು. ಪರ್ಮಿಟ್ಟಿನ ಟೈಮು ಬದಲಿಸುವುದು ಅಪ್ಪನ ಕೈಯಲ್ಲಿರಲಿಲ್ಲ. ಬಸ್ಸು ನಿಲ್ಲಿಸಿಕೊಂಡರೆ ಜಗಳ. ಅದಕ್ಕೆ ಅಪ್ಪ ಇವರ ಹತ್ತಿರ ಬಂದು, ಬೆಳಗ್ಗೆ ಸರಿಯಿದ್ದು ಸಂಜೆಯ ಹೊತ್ತಿಗೆ ನಾಲ್ಕು ನಿಮಿಷ ಹಿಂದೆ ಬೀಳುವ ಹಾಗೆ ವಾಚು ಮಾಡಿಕೊಡಿ ಎಂದು ಕೇಳಿದ್ದರು. ಇವರು ಆ ತಂತಿಯನ್ನು ಅಷ್ಟು ಸಡಿಲ ಬಿಟ್ಟು ಕೂರಿಸಿಕೊಟ್ಟಿದ್ದರು. ಹದಿನೆಂಟು ವರ್ಷ ಕೊನೆಯ ಬಸ್ಸು ಆ ವಾಚಿನ ಪ್ರಕಾರ ಸರಿಯಾದ ಸಮಯಕ್ಕೇ ಹೊರಟಿತ್ತು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. "ಇದು ಮೋಸ ಅಲ್ವಾ?" ಅಂದೆ.

"ಹೂನಮ್ಮ, ಮೋಸನೇ. ನಂದೂ ಪಾಲೈತೆ ಅದ್ರಾಗೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ವಿಷಯ ಹೇಳಿದರು. ಹಳೆಯ ತಂತಿಯನ್ನೇ ತಿದ್ದಿ ಕೂರಿಸಿದರೆ ವಾಚು ನಡೆಯುತ್ತದೆ, ಆದರೆ ಮೊದಲಿನಂತೆ ಹಿಂದೆ ಬೀಳುತ್ತದೆ. ಹೊಸ ತಂತಿ ಹಾಕಿದರೆ ಟೈಮು ಸರಿ ತೋರಿಸುತ್ತದೆ, ಹಳೆಯದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ, ಮತ್ತೆ ಅದು ಕೂರುವುದಿಲ್ಲ. "ನೀವು ತೀರ್ಮಾನ ಮಾಡ್ಕಂಡು ಬರ್ರಿ. ಅಲ್ಲೀತಂಕ ಲೋಟದ ಕೆಳಗೆ ಇರ್ಲಿ."

ತೀರ್ಮಾನಕ್ಕೆ ಆರು ವರ್ಷ ತೆಗೆದುಕೊಂಡೆ ಅಂದರೆ ನೀವು ನಂಬುವುದಿಲ್ಲ. ತಮ್ಮನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, "ನಂಗೆ ಡ್ಯೂಟಿಗೆ ಲೇಟಾಗ್ತೈತೆ, ಕರೆಕ್ಟಾಗೇ ಮಾಡ್ಸಕ್ಕ" ಅಂದ. ಹಾಜರಿ ಪುಸ್ತಕ ನೋಡಿಕೊಳ್ಳುವ ಕೆಲಸ ನನ್ನದು. ಐದು ನಿಮಿಷ ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೀಟು ಎಳೆಯುವವಳು ನಾನು. ಅಪ್ಪನ ಕರೆಕ್ಟುತನ ನನಗೂ ಬಂದಿದೆ ಎಂದು ಬೀಗುತ್ತಿದ್ದವಳಿಗೆ ಆ ಕರೆಕ್ಟುತನವೇ ಸುಳ್ಳಾಗಿತ್ತು. ಸರಿ ಮಾಡಿಸಿದರೆ ಅಪ್ಪನನ್ನು ತಿದ್ದಿದ ಹಾಗೆ, ಹಿಂದೆ ಬೀಳಲು ಬಿಟ್ಟರೆ ಆ ಸುಳ್ಳಿಗೆ ನಾನೂ ಸಹಿ ಹಾಕಿದ ಹಾಗೆ. ಜಿಲ್ಲಾ ಕಚೇರಿಯ ಕೆಲಸಕ್ಕೆ ದುರ್ಗಕ್ಕೆ ಹೋದಾಗಲೆಲ್ಲ ಅಂಗಡಿಗೆ ಹೋಗುತ್ತಿದ್ದೆ, ಲೋಟದ ಕೆಳಗಿನ ವಾಚು ನೋಡುತ್ತಿದ್ದೆ, ಟೀ ಕುಡಿದು ಬರುತ್ತಿದ್ದೆ.

"ಏನಮ್ಮ, ತೀರ್ಮಾನ ಆತಾ? ಹೈಕೋರ್ಟಿಗೇನಾರ ಹೋಗೈತಾ ಕೇಸು?" ಎಂದು ಅವರು ಪ್ರತಿ ಸಲವೂ ಕೇಳುತ್ತಿದ್ದರು. ಒಮ್ಮೆಯೂ ಅವಸರ ಮಾಡಲಿಲ್ಲ. ಲೋಟವನ್ನು ಮಾತ್ರ ತಿಂಗಳಿಗೊಮ್ಮೆ ತೊಳೆದು ಒರೆಸಿ ಮತ್ತೆ ಬೋರಲು ಹಾಕುತ್ತಿದ್ದರು.

ಅವರನ್ನು ನಾನು ನಿಜವಾಗಿ ತಿಳಿದದ್ದು ಆ ಆರು ವರ್ಷಗಳಲ್ಲಿ. ಒಂದು ದಿನ ಹೋದಾಗ ಗೂಡಿಗೆ ಬೀಗ ಹಾಕಿತ್ತು. ಮರುವಾರ ಕೇಳಿದರೆ ಹೊಸದುರ್ಗಕ್ಕೆ ಹೋಗಿದ್ದೆ ಅಂದರು. ಅಲ್ಲಿನ ಮೇಷ್ಟರೊಬ್ಬರು ವಾಚು ರಿಪೇರಿ ಮಾಡಿಸಿಕೊಂಡು ಹೋದ ಮೇಲೆ ಬಿಳಿ ಕಾಗದದ ಮೇಲೆ ಎಳ್ಳಿಗಿಂತ ಸಣ್ಣ ಸ್ಕ್ರೂ ಒಂದು ಉಳಿದಿತ್ತಂತೆ. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ, ಊರೆಲ್ಲ ಕೇಳಿ ಮೇಷ್ಟರ ಮನೆ ಹುಡುಕಿ, ಜಗಲಿಯ ಮೇಲೆ ಕೂತು ಹಾಕಿಕೊಟ್ಟು ಬಂದಿದ್ದರು.

"ಅದಿಲ್ದೆ ನಡೀತಿರ್ಲಿಲ್ವಾ?" ಅಂದೆ.

"ನಡೀತಿತ್ತು. ಮೇಷ್ಟ್ರೂ ಅದನ್ನೇ ಅಂದ್ರು. ಆದ್ರೂ ಅದ್ರದ್ದು ಅದ್ರತಾವ ಇರ್ಬೇಕಮ್ಮ. ನನ್ ಡಬ್ಬ್ಯಾಗೆ ಇದ್ರೆ ನಂಗೆ ಊಟ ಸೇರಲ್ಲ."

ಎರಡು ಸಾವಿರದ ಆಚೆಗೆ ಅಂಗಡಿಗೆ ಬರುವವರು ಕಡಿಮೆಯಾದರು. ಜನ ಸೆಲ್ ವಾಚು ಕಟ್ಟುತ್ತಿದ್ದರು, ಕೆಟ್ಟರೆ ಬಿಸಾಡುತ್ತಿದ್ದರು. ಲೋಟಗಳು ಮೂರಕ್ಕಿಳಿದವು. ಅದರಲ್ಲಿ ಒಂದು ನಮ್ಮದು.

ಆಗ ಒಂದು ದಿನ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಿಡಿದುಕೊಂಡು ತಾಳ್ಯದ ಕಡೆಯ ಮುದುಕಿಯೊಬ್ಬಳು ನನ್ನ ಮೇಜಿನ ಮುಂದೆ ಬಂದಳು. ನಾನು ಏಜೆಂಟರ ಮಗಳು ಎಂದು ಯಾರೋ ಹೇಳಿದ್ದಕ್ಕೆ ನನ್ನ ಕೈ ಹಿಡಿದುಕೊಂಡಳು. "ನಿಮ್ಮಪ್ಪ ಇರೋಗಂಟ ಒಂದಿನಾನೂ ನಮ್ಗೆ ಬಸ್ಸು ತಪ್ಪಲಿಲ್ಲ ಕಣವ್ವ. ಅದೇನು ಕಾಲ್ಗುಣನೋ ಆಯಪ್ಪಂದು. ಅವ್ರು ಹೋದ್ಮ್ಯಾಲೆ ವಾರ್ದಾಗೆ ಮೂರ್ದಿನ ಬಸ್ ಸ್ಟ್ಯಾಂಡ್ ಕಟ್ಟೆ ಮ್ಯಾಲೇ ಮಲಗಿದ್ವಿ. ಕೊನೀಗೆ ಮಿಲ್ಲಿನ ಕೆಲ್ಸಾನೇ ಬಿಟ್ವಿ" ಅಂದಳು. ವಾಚಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅವತ್ತು ಕಚೇರಿಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ಅತ್ತೆ, ಅಪ್ಪ ಸತ್ತ ದಿನ ಅಳದಷ್ಟು ಅತ್ತೆ.

ಆ ಶನಿವಾರವೇ ದುರ್ಗಕ್ಕೆ ಓಡಿದೆ. "ಹಳೇ ತಂತೀನೇ ಹಾಕ್ರಿ ಯಜಮಾನ್ರೆ. ಹಿಂದೆ ಬೀಳ್ಲಿ" ಅಂದೆ.

ಅವರು ಲೋಟ ಎತ್ತಿ, ವಾಚನ್ನು ಒರೆಸಿ ನನ್ನ ಅಂಗೈಯಲ್ಲಿಟ್ಟರು. ಬಲಗಣ್ಣಿಗೆ ಪೊರೆ ಬಂದಿತ್ತು. ನಾಲ್ಕು ತಿಂಗಳಿಂದ ಬರೀ ಪಟ್ಟಿ ಬದಲಿಸುವುದು, ಸೆಲ್ಲು ಹಾಕುವುದು ಮಾಡುತ್ತಿದ್ದರಂತೆ. "ಈ ತಂತಿ ತಿದ್ದಾಕೆ ಕಣ್ಣು ಸಾಲ್ದಮ್ಮ. ತಡ ಮಾಡಿದ್ರಿ. ಮನ್ಯಾಗೆ ಇಡ್ರಿ ಸುಮ್ನೆ, ನೋಡಾಣ" ಅಂದರು. ಆಪರೇಷನ್ ಮಾಡಿಸಿಕೊಳ್ಳಿ ಅಂದದ್ದಕ್ಕೆ ಕಣ್ಣಿಗೆ ಕತ್ತಿ ತಾಗಿಸುವ ಮಾತೇ ಬೇಡ ಎಂದು ಕೈ ಆಡಿಸಿಬಿಟ್ಟರು.

ಆರು ವರ್ಷ ಕಾಯಿಸಿದವಳಿಗೆ ಆರು ತಿಂಗಳು ಕಾಯಲು ಆಗಲಿಲ್ಲ. ನನ್ನ ಬುದ್ಧಿಯೇ ಹಾಗೆ, ಎದ್ದರೆ ಓಡಬೇಕು. ದಾವಣಗೆರೆಯಲ್ಲಿ ಗಾಜಿನ ಬಾಗಿಲಿನ ಒಂದು ಅಂಗಡಿಗೆ ಹೋದೆ. ಅಲ್ಲಿದ್ದವನು ಐದು ನಿಮಿಷ ನೋಡಿ, "ಇದ್ರ ಸಾಮಾನು ಬರಲ್ಲ ಮೇಡಂ, ಒಳಗಿನ ಮಿಷಿನ್ನೇ ತೆಗೆದು ಸೆಲ್ಲಿಂದು ಕೂರಿಸ್ತೀನಿ, ಮೇಲೆ ನೋಡಿದ್ರೆ ನಿಮ್ಮ ತಂದೆಯವರ ವಾಚೇ" ಅಂದ. ಹಿಂದೆ ಬೀಳುತ್ತದೆಯೇ ಎಂದು ಕೇಳಿದೆ. ದೂರು ಹೇಳುತ್ತಿದ್ದೇನೆ ಅಂದುಕೊಂಡು, "ಒಂದ್ ಸೆಕೆಂಡೂ ಬೀಳಲ್ಲ, ಗ್ಯಾರಂಟಿ" ಅಂದ. ದಿನಾ ಕೈಯಿಂದಲೇ ನಾಲ್ಕು ನಿಮಿಷ ಹಿಂದಕ್ಕೆ ತಿರುಗಿಸಿಕೊಂಡರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹೂಂ ಅಂದೆ. ಮುಳ್ಳು ಓಡಾಡಿದರೆ ಸಾಕು ಅನ್ನುವಷ್ಟು ಬೇಸತ್ತಿದ್ದೆ. ತೆಗೆದ ಮಿಷಿನ್ನು ವಾಪಸು ಕೊಡಿ ಎಂದು ಕೇಳಬೇಕೆಂಬುದು ನನಗೆ ಹೊಳೆಯಲಿಲ್ಲ.

ಎರಡು ತಿಂಗಳ ನಂತರ ಕಚೇರಿಗೆ ಯಜಮಾನರ ಮಗಳ ಫೋನು ಬಂತು. "ಅಪ್ಪಂಗೆ ಕಣ್ಣು ಆಪರೇಷನ್ ಆತಕ್ಕ. ನಾವು ಎರಡು ವರ್ಷ ಹೇಳಿದ್ರೂ ಕೇಳಿರ್ಲಿಲ್ಲ, ಈಗ ತಾವೇ ಎದ್ದು ಮಾಡ್ಸಿಕಂಡ್ರು. ಏಜೆಂಟ್ರ ವಾಚೊಂದು ಬಾಕಿ ಐತೆ, ತಗಂಡು ಬರಾಕೆ ಹೇಳು ಅಂತವ್ರೆ."

ಕೋಟೆಯ ತಗ್ಗಿನ ಓಣಿಯಲ್ಲಿ ಅವರ ಮನೆ. ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಎದುರಿಗೆ ಬಿಳಿ ಕಾಗದ ಹಾಸಿ, ಚಿಮಟ, ಸ್ಕ್ರೂಡ್ರೈವರು, ಎಣ್ಣೆ ಕಡ್ಡಿ ಎಲ್ಲವನ್ನೂ ಒರೆಸಿ ಜೋಡಿಸಿಕೊಂಡಿದ್ದರು. "ಬರ್ರಿ ಬರ್ರಿ, ಕುಂತ್ಕಳ್ರಿ" ಎನ್ನುತ್ತಾ ಕೈ ಚಾಚಿದರು. ಕೊಡದೆ ಬೇರೆ ದಾರಿ ಇರಲಿಲ್ಲ. ಕೊಟ್ಟೆ. ಭೂತಗನ್ನಡಿಗೆ ಕೈ ಹಾಕುವ ಮೊದಲು ಅಭ್ಯಾಸದಂತೆ ವಾಚನ್ನು ಕಿವಿಗೆ ಹಿಡಿದರು. ಸೆಕೆಂಡಿಗೊಂದರಂತೆ ಸೆಲ್ಲಿನ ಸದ್ದು ಅವರಿಗೆ ಕೇಳಿಸಿತು. ಕಿವಿಯಿಂದ ತೆಗೆಯದೆ ಹಾಗೇ ಕೂತಿದ್ದರು.

"ಕರೆಕ್ಟ್ ಐತಲ್ಲಮ್ಮ ಇದು" ಅಂದರು.

ವಾಚನ್ನು ಬಿಳಿ ಕಾಗದದ ಮೇಲಿಟ್ಟು, "ಹಳೇ ಮಿಷಿನ್ನು ತಂದಿರೇನು? ತಂದಿದ್ರೆ ವಾಪಸ್ ಕೂರ್ಸಾಣ" ಅಂದರು. ನಾಳೆ ತರುತ್ತೇನೆ ಎಂದು ಎದ್ದುಬಂದೆ. ಮರುದಿನ ದಾವಣಗೆರೆಗೆ ಹೋದರೆ ಆ ಅಂಗಡಿಯವನು, "ಅವನ್ನೆಲ್ಲ ತಿಂಗಳಿಗೊಂದ್ಸಲ ಗುಜರಿಗೆ ಹಾಕ್ತೀವಿ ಮೇಡಂ" ಅಂದ. ಅಲ್ಲಿಂದ ನೇರ ಯಜಮಾನರ ಮನೆಗೆ ಬಂದು ಹೇಳಿದೆ. ಬೈಯಲಿ ಎಂದು ಕಾದೆ.

ಅವರು ಚಿಮಟವನ್ನು ಡಬ್ಬಿಗೆ ಹಾಕಿದರು. ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಹಾಕಿದರು. "ತಪ್ಪು ನಂದಮ್ಮ. ನಾನು ನಿಮ್ಮನ್ನ ಕೇಳ್ಬಾರ್ದಿತ್ತು. ನಿಮ್ಮಪ್ಪ ಹೆಂಗೆ ಹೇಳಿದ್ರೋ ಹಂಗೇ ಅವತ್ತೇ ಮಾಡಿ ಕೊಟ್ಟು ಕಳಿಸ್ಬೇಕಿತ್ತು" ಎಂದರು. ಊಟ ಮಾಡಿಕೊಂಡು ಹೋಗಿ ಎಂದು ಒತ್ತಾಯ ಮಾಡಿದರು. ಮಾಡಿದೆ. ತಾವು ಮಾತ್ರ ಹಸಿವಿಲ್ಲ ಅಂದರು.

ಆ ಚಳಿಗಾಲ ಮುಗಿಯುವುದರೊಳಗೆ ಅವರು ಹೋದರು. ನನಗೆ ಗೊತ್ತಾದದ್ದು ಒಂದು ವಾರದ ಮೇಲೆ. ಮೆಟ್ಟಿಲ ಕೆಳಗಿನ ಗೂಡನ್ನು ಕಿತ್ತು ಅಲ್ಲಿ ಬಟ್ಟೆ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ ಪೇರಿಸಿದ್ದರು.

ಅವರು ತಪ್ಪು ತಮ್ಮದೆಂದು ಹೇಳಿ ಹೋದದ್ದನ್ನು ನಾನು ಇವತ್ತಿಗೂ ಒಪ್ಪಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಮಗೆ ತೋಚಿದ್ದನ್ನು ಮಾಡಿ ಕೈಗೆ ಕೊಡುತ್ತಿದ್ದರು. ಅವರು ಅಪ್ಪನ ಗುಟ್ಟನ್ನು ನನ್ನ ಮುಂದಿಟ್ಟು, ನೀನೇ ಹೇಳು ಎಂದು ಆರು ವರ್ಷ ಕಾದರು, ಬೇಡವೆಂದಿದ್ದ ಆಪರೇಷನ್ನಿಗೂ ಒಪ್ಪಿಕೊಂಡರು. ಅಂಥ ಋಣವನ್ನು ಎಲ್ಲಿ ತೀರಿಸುವುದೋ ನನಗೆ ತಿಳಿಯದು. ವಾಚು ತನಗೆ ಬೇಡವೆಂದು ತಮ್ಮ ಹೇಳಿದ. ಅದು ನನ್ನ ಕೈಯಲ್ಲೇ ಇದೆ. ನಾಲ್ಕು ನಿಮಿಷ ಹಿಂದಕ್ಕೆ ತಿರುಗಿಸಿಡಲು ಎರಡು ಮೂರು ಸಲ ಹೋದೆ, ಕೈ ಬರಲಿಲ್ಲ. ಸೆಲ್ಲು ಹಾಕಿಸುತ್ತೇನೆ, ಕಟ್ಟಿಕೊಳ್ಳುತ್ತೇನೆ. ಇವತ್ತಿನವರೆಗೆ ಅದು ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ.