ಕಾಲು ಗಂಟೆ ಕೇಳಿದ ಸಿಸ್ಟರ್

ಮೊನ್ನೆ ಸಿರುಗುಪ್ಪದ ಹೋಟೆಲೊಂದರಲ್ಲಿ ಒಗ್ಗರಣಿ ಮಿರ್ಚಿ ತಿಂದು ಕೈ ತೊಳೆಯಲು ಹೋದರೆ, ನಲ್ಲಿಯ ಪಕ್ಕ ಕೆಂಪು ಕಾರ್ಬಾಲಿಕ್ ಸೋಪಿನ ಚೂರು. ಈ ಕಾಲದಲ್ಲೂ ಅದು ಸಿಗುತ್ತದೆಂದು ಸಂತೋಷಪಡಬೇಕಿತ್ತು. ಆಗಲಿಲ್ಲ. ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಸಿಸ್ಟರ್ ನೆನಪಾದರು...

ನಾನಾಗ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಡ್ರೆಸ್ಸರ್. ಗಾಯಕ್ಕೆ ಪಟ್ಟಿ ಕಟ್ಟುವವನು ಎಂದರೆ ಹುದ್ದೆಯ ಘನತೆಗೆ ಕುಂದೆಂದು ಎಲ್ಲರೆದುರೂ ಡ್ರೆಸ್ಸರ್ ಎಂದೇ ಹೇಳಿಕೊಳ್ಳುತ್ತಿದ್ದೆ. ಸಿಸ್ಟರು ಕುರುಗೋಡಿನವರು, ವಾರ್ಡಿನ ಹಿರಿಯ ನರ್ಸು. ನಾನು ಕಟ್ಟಿದ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟುವುದು ಅವರ ನಿತ್ಯಕರ್ಮಗಳಲ್ಲಿ ಒಂದಾಗಿತ್ತು.

ರಾಜ್ಯದ ಉತ್ತರ ಗಡಿಯ ಕಡೆ ಭೂಕಂಪವಾದಾಗ ನಮ್ಮಿಬ್ಬರನ್ನೂ ಕಳಿಸಿದರು. ಅಲ್ಲಿ ಆಸ್ಪತ್ರೆಯ ಕಟ್ಟಡವೇನೋ ನಿಂತಿತ್ತು, ರೋಗಿಗಳು ಮಾತ್ರ ಒಳಗೆ ಮಲಗಲು ಒಲ್ಲೆನ್ನುತ್ತಿದ್ದರು. ಮಾಳಿಗೆ ಕಂಡರೆ ಅವರಿಗೆ ನಡುಕ. ಹಾಗಾಗಿ ಅಂಗಳದಲ್ಲೇ ಮದುವೆಯ ಶಾಮಿಯಾನ ಹಾಕಿ, ಬಣ್ಣದ ಜಾಲರಿಯ ಕೆಳಗೆ ನರಳುವವರನ್ನು ಸಾಲಾಗಿ ಮಲಗಿಸಿದ್ದೆವು.

ಎರಡನೆಯ ದಿನ ಬೆಳಿಗ್ಗೆ ಒಬ್ಬ ಹೆಣ್ಣುಮಗಳನ್ನು ತಂದರು. ಬಲಗೈ ಜಜ್ಜಿಹೋಗಿ ಬಾತಿತ್ತು, ಒಡೆಯದೆ ಉಳಿದಿದ್ದ ಹಸಿರು ಗಾಜಿನ ಬಳೆಗಳು ಮಾಂಸದಲ್ಲಿ ಹೂತಿದ್ದವು. ಕೂಡಲೇ ಬಳೆ ತೆಗೆಯದಿದ್ದರೆ ರಕ್ತ ಓಡುವುದಿಲ್ಲ, ಕೈ ಹೋಗುತ್ತದೆ ಎಂದು ಹೇಳಿ ಡಾಕ್ಟರು ಮುಂದಿನ ರೋಗಿಯತ್ತ ನಡೆದರು. ನಾನು ಇಕ್ಕಳ ಎತ್ತಿಕೊಂಡೆ. ಆಕೆ ಕೈಯನ್ನು ಎದೆಗವುಚಿಕೊಂಡಳು. ಗಂಡ ಇರುವಾಗ ಬಳೆ ಒಡೆಯುವುದುಂಟೇ, ಅವರು ಬರಲಿ, ಅವರು ಹೂಂ ಅಂದರೆ ಆಮೇಲೆ ನೋಡೋಣ ಎಂದು ಒಂದೇ ಹಟ.

ಸಿಸ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಆಕೆಯ ಗಂಡ ಬರುವಂತಿರಲಿಲ್ಲ. ನಸುಕಿನಲ್ಲಿ ಮೈದುನ ಬಂದು ಹೆಣ ಗುರುತಿಸಿದ್ದ, ಅದಕ್ಕೆ ಚೀಟಿ ಕಟ್ಟಿದವರು ಸಿಸ್ಟರೇ. ಹಾಗಾದರೆ ಆಕೆಗೂ ಹೇಳಿಬಿಡಿ, ಕೈಯಾದರೂ ಉಳಿಯಲಿ ಎಂದೆ.

“ಇವತ್ತೊಂದಿನ ಮುತ್ತೈದಿಯಾಗಿ ಇರ್ಲಿ ಬಿಡಲೇ. ಸೋಪು ತಾ. ಕಾಲು ಗಂಟಿ ಸಾಕು.”

ಕಾಲು ಗಂಟೆ ಸಾಕಾಗಲಿಲ್ಲ. ಕೆಂಪು ಕಾರ್ಬಾಲಿಕ್ ಸೋಪಿನ ನೀರು ಸವರಿ, ಬಳೆಗಾರ್ತಿ ತೊಡಿಸುವ ನಯದಲ್ಲಿ ಒಂದೊಂದೇ ಬಳೆ ಜಾರಿಸಿದರು. ಆಕೆ ಹಲ್ಲು ಕಚ್ಚಿಕೊಂಡು, ಯಾವುದಾದರೂ ಬಿರುಕು ಬಿಟ್ಟೀತೆಂದು ಕಣ್ಣಿಟ್ಟು ಕಾಯುತ್ತಿದ್ದಳು. ಡಾಕ್ಟರು ಎರಡು ಸಲ ಬಂದು ಬೈದು ಹೋದರು. ಕೊನೆಯದು ಹೊರಬರುವಾಗ ಬಿಸಿಲು ನೆತ್ತಿಗೇರಿತ್ತು. ಹತ್ತು ಬಳೆಯೂ ಇಡಿಯಾಗಿದ್ದವು. ಬೆರಳುಗಳು ಕಪ್ಪಗಾಗಿದ್ದವು...

ಮರುದಿನ ಕೈ ತೆಗೆದರು. ಅದರ ಮರುದಿನ ಸಿಸ್ಟರೇ ಹೋಗಿ ಗಂಡನ ಸುದ್ದಿ ಹೇಳಿದರು. ಆಕೆ ಅಳಲಿಲ್ಲ. ನಿಮಗೆ ಯಾವಾಗ ಗೊತ್ತಾಯಿತು ಎಂದಷ್ಟೇ ಕೇಳಿದಳು. ಸಿಸ್ಟರು ಇದ್ದದ್ದು ಇದ್ದಂತೆ ಹೇಳಿದರು.

“ಆಗ್ಲೇ ಹೇಳಬೇಕಿತ್ತಲ್ಲವ್ವಾ,” ಅಂದಳು ಆಕೆ. “ಎರಡು ಕೂಸು ಅದಾವ ನನಗ. ಒಂದು ಕೈಲಿ ಹೆಂಗ ರೊಟ್ಟಿ ಬಡೀಲಿ?”

ಬಳ್ಳಾರಿಗೆ ಮರಳಿದ ಮೇಲೆ ಸಿಸ್ಟರು ಯಾವ ಸಾವಿನ ಸುದ್ದಿಯನ್ನೂ ಒಂದು ನಿಮಿಷ ತಡೆದಿಟ್ಟದ್ದನ್ನು ನಾನು ಕಾಣೆ. ರೋಗಿಯ ಕಡೆಯವರು ಬೆಂಚಿನ ಮೇಲೆ ಕೂರುವ ಮೊದಲೇ ಹೇಳಿಬಿಡುತ್ತಿದ್ದರು. ಕಲ್ಲು ಮನಸ್ಸಿನ ಹೆಂಗಸು ಎಂದು ಮಂದಿ ಆಡಿಕೊಂಡರು. ಕೇಳಲಿ ಬಿಡಲಿ ಎಲ್ಲದಕ್ಕೂ ವ್ಯಾಖ್ಯಾನ ಒದಗಿಸುವ ನಾನು ಆ ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಹೋದ ವರ್ಷ ಸತ್ಯನಾರಾಯಣಪೇಟೆಯ ತಮ್ಮ ಮನೆಯಲ್ಲಿ ಅವರು ಹಾಸಿಗೆ ಹಿಡಿದರು. ಡಾಕ್ಟರು ಹೇಳಿದ್ದನ್ನು ಅವರ ಅಣ್ಣನ ಮಗ ನನಗೆ ತಿಳಿಸಿದ್ದ.

“ನೀ ಖರೇ ಹೇಳಲೇ, ಎಷ್ಟು ದಿನ?” ಎಂದು ಕೇಳಿದರು.

ಏನೂ ಇಲ್ಲ, ದೀಪಾವಳಿಗೆ ಎದ್ದು ಓಡಾಡುತ್ತೀರಿ ಎಂದೆ. ಅವರು ಬಾದನಹಟ್ಟಿಯ ತಂಗಿಯೊಂದಿಗೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಾಗಿದ್ದರೆ ಆಕೆಯನ್ನು ದೀಪಾವಳಿಗೇ ಕರೆಸಿದರಾಯಿತು ಎಂದರು. ಅದಾಗಿ ಐದು ದಿನವೂ ಅವರು ಉಳಿಯಲಿಲ್ಲ...

ಮಣ್ಣಿಗೆ ಬಂದ ತಂಗಿ ನನ್ನನ್ನು ಕೇಳಿದ್ದು ಒಂದೇ ಮಾತು, ನಿಮಗೆ ಮೊದಲೇ ಗೊತ್ತಿತ್ತೇ ಎಂದು. ಸಿಸ್ಟರಂತೆ ಇದ್ದದ್ದು ಇದ್ದಂತೆ ಹೇಳುವ ಧೈರ್ಯ ಬರದೆ, ಮಣ್ಣು ಹಾಕುವವರ ಸಾಲಿಗೆ ಹೋಗಿ ಸೇರಿಕೊಂಡೆ. ಈಗಲೂ ಬಾದನಹಟ್ಟಿಯ ಬಸ್ಸು ಕಂಡರೆ ಮುಖ ಆಚೆ ತಿರುಗಿಸುತ್ತೇನೆ.